ಕೇಳಿಸದ ವಾದ್ಯ

ಕಳೆದ ಗಣೇಶೋತ್ಸವದಲ್ಲಿ ನಮ್ಮ ತಂಡದವರು ನಡೆಸಿದ ರಸಮಂಜರಿ ಕಾರ್ಯಕ್ರಮವನ್ನು ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಹಿಡಿದು ನನಗೆ ಕಳುಹಿಸಿಕೊಟ್ಟರು. ಮನೆಯವರೆಲ್ಲ ಕೂಡಿ ನೋಡಿದೆವು. ಗಾಯಕರ ದನಿ ಕೇಳಿಸಿತು. ಕೀಬೋರ್ಡು, ತಬಲಾ, ರಿದಂ ಪ್ಯಾಡು ಎಲ್ಲವೂ ಕೇಳಿಸಿದುವು. ನಡುವೆ ಅತ್ತ ಕೂಸಿನ ದನಿಯೂ ಸ್ಪಷ್ಟವಾಗಿಯೇ ಇತ್ತು. ಎಡಗಡೆಯ ಮೂಲೆಯಲ್ಲಿ ನಾನೂ ಇದ್ದೆ. ಬೆರಳುಗಳು ತಂತಿಯ ಮೇಲೆ ಓಡಾಡುತ್ತಿದ್ದುವು. ಅವ್ವ ಎರಡು ಸಲ ನೋಡಿ, "ಎಲ್ಲಾರ್ದೂ ಕೇಳಸ್ತದ, ನಿಂದೊಂದೇ ಕೇಳಂಗಿಲ್ಲಲ್ಲೋ ಯಪ್ಪಾ. ಸುಮ್ನೆ ನಿಂತಿದ್ದೇನು?" ಎಂದು ಕೇಳಿದಳು.

ಈ ಲೇಖನವು ಅವ್ವನ ಆ ಪ್ರಶ್ನೆಗೆ ಕೊಟ್ಟ ಉತ್ತರವೆಂದು ವಾಚಕರು ತಿಳಿಯಬಹುದು. ನಾನು ಬಾರಿಸುವುದು ಬೇಸ್ ಗಿಟಾರು. ನಮ್ಮ ಕಡೆ 'ಬೇಸು' ಎಂದರೆ 'ಚೆನ್ನಾಗಿ' ಎಂದರ್ಥವಾದುದರಿಂದ ಈ ಹೆಸರು ನನಗೆ ಸ್ವಲ್ಪ ತೊಂದರೆಯನ್ನೇ ಕೊಟ್ಟಿದೆ. "ನಾನು ಬೇಸ್ ಬಾರಿಸ್ತೀನ್ರಿ" ಎಂದು ಉತ್ಸವ ಸಮಿತಿಯ ಹಿರಿಯರೊಬ್ಬರಿಗೆ ಹೇಳಿದಾಗ ಅವರು, "ಬೇಸೇ ಬಾರಿಸಪ್ಪ, ಆದ್ರ ಏನು ಬಾರಿಸ್ತಿ ಅದನ್ನ ಹೇಳು" ಎಂದರು.

ನೋಡುವುದಕ್ಕೆ ಇದು ಗಿಟಾರಿನಂತೆಯೇ ಇದೆ. ಕುತ್ತಿಗೆ ಉದ್ದ, ತಂತಿಗಳು ಆರರ ಬದಲು ನಾಲ್ಕು, ಬಹಳ ದಪ್ಪ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಇದರ ಕೆಲಸವೇನೆಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಗಾಯಕನು ಷಡ್ಜದಲ್ಲಿಯೇ ನಿಂತಿರಲಿ. ಕೆಳಗೆ ನಾನೂ ಷಡ್ಜವನ್ನು ಹಿಡಿದರೆ ಪ್ರಯಾಣ ಮುಗಿದು ಮನೆಗೆ ಬಂದಂತೆ ಆಗುತ್ತದೆ. ಅವನು ಅಲ್ಲಿಯೇ ಇರುವಾಗ ನಾನು ಕೆಳಗಿನ ಧೈವತಕ್ಕೆ ಸರಿದರೆ ಅದೇ ಸ್ವರದಲ್ಲಿ ಒಂದು ಬಗೆಯ ವಿಷಾದ ಕಾಣಿಸಿಕೊಳ್ಳುತ್ತದೆ. ಮಧ್ಯಮಕ್ಕೆ ಇಳಿದರೆ, ಇನ್ನೂ ಏನೋ ಬರಲಿದೆ ಎನ್ನುವ ನಿರೀಕ್ಷೆ ಹುಟ್ಟುತ್ತದೆ. ಗಾಯಕನು ಏನನ್ನೂ ಬದಲಾಯಿಸಲಿಲ್ಲ. ಅವನು ನಿಂತ ನೆಲ ಬದಲಾಯಿತು. ನಮ್ಮ ತಂಬೂರಿಯು ನೆಲವನ್ನು ಅಲುಗಾಡದಂತೆ ಹಿಡಿದಿರುತ್ತದೆ. ಬೇಸ್ ನೆಲವನ್ನೇ ನಡೆಸುತ್ತದೆ. ಶಂಕರನಾಗ್ ಅವರ 'ಗೀತಾ' (1981) ಚಿತ್ರಕ್ಕೆ ಇಳಯರಾಜರು ಕೊಟ್ಟ ಸಂಗೀತವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ, ಗಾಯನವನ್ನು ಒಂದಿಷ್ಟು ಮರೆತು, ಕೆಳಗಿನ ದನಿಯ ಕಡೆಗೆ ಮಾತ್ರ ಗಮನವಿಟ್ಟು ಕೇಳಿ. ಹಾಡಿನ ಕೆಳಗೆ ಇನ್ನೊಂದು ಹಾಡು ಹರಿಯುತ್ತಿರುವುದು ತಿಳಿಯುತ್ತದೆ.

ಇದರ ಚರಿತ್ರೆ ದೀರ್ಘವಾದುದೇನಲ್ಲ. ಮೊದಲು ಈ ಕೆಲಸವನ್ನು ಆಳೆತ್ತರವನ್ನು ಮೀರಿದ ಡಬಲ್ ಬೇಸ್ ಎಂಬ ಪಿಟೀಲು ಜಾತಿಯ ವಾದ್ಯ ಮಾಡುತ್ತಿತ್ತು. ಅದನ್ನು ಹೊತ್ತು ಊರೂರು ತಿರುಗುವುದು ಕಷ್ಟ. ಡ್ರಮ್ಮು, ತುತ್ತೂರಿಗಳ ನಡುವೆ ಅದು ಕೇಳಿಸುವುದು ಇನ್ನೂ ಕಷ್ಟ. 1930ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ಪಾಲ್ ಟುಟ್‌ಮಾರ್ಕ್ ಎಂಬವನು ಗಿಟಾರಿನಂತೆ ಅಡ್ಡ ಹಿಡಿಯುವ ವಿದ್ಯುತ್ ಬೇಸನ್ನು ಮಾಡಿದನಾದರೂ ಅದು ನಡೆಯಲಿಲ್ಲ. ನಡೆದುದು 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ ಹೊರತಂದದ್ದು. ಮೆಟ್ಟಿಲುಗಳಿದ್ದುದರಿಂದ ಬೆರಳು ಸ್ವಲ್ಪ ಆಚೀಚೆಯಾದರೂ ಶ್ರುತಿ ತಪ್ಪುವಂತಿರಲಿಲ್ಲ. ಆ ನಿಖರತೆಯ ಕಾರಣದಿಂದಲೇ ಅದಕ್ಕೆ 'ಪ್ರಿಸಿಷನ್ ಬೇಸ್' ಎಂದು ಹೆಸರಿಟ್ಟನು. ಫೆಂಡರನು ಮೂಲತಃ ರೇಡಿಯೋ ರಿಪೇರಿಯವನು. ಗಿಟಾರು ನುಡಿಸಲು ಅವನು ಕೊನೆಯವರೆಗೂ ಕಲಿಯಲಿಲ್ಲವೆಂಬುದು ನನ್ನಂಥ ಅರೆಕಲಿಕೆಯವರಿಗೆ ಬಹಳ ಸಮಾಧಾನದ ಸಂಗತಿ.

ಇನ್ನು ಅವ್ವನ ಪ್ರಶ್ನೆ. ಅತ್ಯಂತ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮನುಷ್ಯನ ಕಿವಿ ಇಂಥ ಕೆಳಸ್ವರಗಳಿಗೆ ಮಂದ. ಮೇಲಿನ ಸ್ವರಗಳಷ್ಟೇ ಗಟ್ಟಿಯಾಗಿ ಕೇಳಿಸಬೇಕಾದರೆ ಇವುಗಳಿಗೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದರು. ಸ್ಪೀಕರಿಗೂ ಇದು ಸುಲಭದ ಕೆಲಸವಲ್ಲ. ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅಷ್ಟೇ ಬಲವಾಗಿ ಹೊರಡಿಸಬೇಕಾದರೆ ಸ್ಪೀಕರಿನ ಬಟ್ಟಲು ಮೊದಲಿಗಿಂತ ನಾಲ್ಕರಷ್ಟು ಹಿಂದೆ ಮುಂದೆ ಚಲಿಸಬೇಕು. ಹೆಬ್ಬೆರಳ ಉಗುರಿನಷ್ಟಿರುವ ಮೊಬೈಲಿನ ಸ್ಪೀಕರು ಇದನ್ನು ಎಲ್ಲಿಂದ ಮಾಡೀತು? ತಂತಿಯ ಮೇಲಿನ ಉಪಸ್ವರಗಳನ್ನಷ್ಟೇ ಅದು ಕೊಡುತ್ತದೆ. ಕೆಳಗಿನದನ್ನು ಪಳಗಿದ ಕಿವಿ ಊಹಿಸಿಕೊಳ್ಳುತ್ತದೆ. ಅವ್ವನಿಗೆ ಅಂಥ ಊಹೆಯ ಅಗತ್ಯ ಎಂದೂ ಬಿದ್ದಿರಲಿಲ್ಲ.

ಹಾಗಾದರೆ ದೂರದ ಜಾತ್ರೆಯಿಂದ ಡೊಳ್ಳಿನ ಧಂ ಧಂ ಮಾತ್ರ ಏಕೆ ನಮ್ಮ ಹೊಲದವರೆಗೂ ಬರುತ್ತದೆ ಎಂದು ಯಾರಾದರೂ ಕೇಳಬಹುದು. ಗಾಳಿಯೂ ಗಿಡಮರಗಳೂ ಮೇಲಿನ ಸ್ವರಗಳನ್ನು ದಾರಿಯಲ್ಲಿಯೇ ತಿಂದುಬಿಡುತ್ತವೆ. ಕೆಳಸ್ವರವು ಅಷ್ಟು ಸುಲಭವಾಗಿ ಸೊರಗುವುದಿಲ್ಲ. ನನ್ನ ದಪ್ಪ ತಂತಿಯ ಒಂದು ಅಲೆಯ ಉದ್ದವೇ ಸುಮಾರು 8 ಮೀಟರು, ಎಂದರೆ 27 ಅಡಿ. ಅಂಥ ಅಲೆಗೆ ನಮ್ಮ ಸ್ಪೀಕರಿನ ಪೆಟ್ಟಿಗೆ ಒಂದು ಅಡ್ಡಿಯೇ ಅಲ್ಲ. ಅದು ಮುಂದಕ್ಕೆ ಹೋದಂತೆಯೇ ಹಿಂದಕ್ಕೂ ಸುತ್ತಿಕೊಂಡು ವೇದಿಕೆಯ ಮೇಲೆ ಬರುತ್ತದೆ. ಇದರಿಂದ ಒಂದು ವಿಚಿತ್ರ ಸಂಕಟವುಂಟಾಗುತ್ತದೆ. ವೇದಿಕೆಯ ಮೇಲೆ ನನ್ನ ಸ್ವರ ಗೊಜಗೊಜನೆ ತುಂಬಿಕೊಂಡು, ಅತಿಯಾಯಿತೆಂದು ನಾನೇ ತಗ್ಗಿಸುತ್ತೇನೆ. ಎದುರಿನ ಮೈದಾನದಲ್ಲಿ ಆಗ ಬೇಸ್ ಎಂಬುದೇ ಇರುವುದಿಲ್ಲ. ವೇದಿಕೆಯ ಎರಡು ಬದಿಗೂ ಪೆಟ್ಟಿಗೆಗಳಿದ್ದರೆ ಎರಡಕ್ಕೂ ಸಮದೂರದಲ್ಲಿರುವ ನಡುಸಾಲಿನಲ್ಲಿ ಎರಡೂ ಕಡೆಯ ಅಲೆಗಳು ಕೂಡಿಕೊಂಡು ಬೇಸ್ ತುಂಬಿ ಬರುತ್ತದೆ. ಬದಿಗೆ ಸರಿದಂತೆ ಕೆಲವು ಕಡೆ ಒಂದನ್ನೊಂದು ಹೊಡೆದುಹಾಕುತ್ತವೆ. ಇದು ತಿಳಿದ ಮೇಲೆ ಕಾರ್ಯಕ್ರಮಕ್ಕೆ ಮೊದಲು ಮೈದಾನದಲ್ಲಿ ಒಂದು ಸುತ್ತು ನಡೆದುಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಇಷ್ಟು ಹೇಳಿದ ಮೇಲೆ, ಸಲಕರಣೆಗಳ ವಿಷಯದಲ್ಲಿ ನನ್ನ ಅಭಿಪ್ರಾಯವೇನೆಂಬುದನ್ನು ವಾಚಕರು ಊಹಿಸಿರಬಹುದು. ಹೊಸದಾಗಿ ಕಲಿಯುವವರು ನನ್ನನ್ನು ಕೇಳುವುದು ಯಾವ ಕಂಪನಿಯ ಗಿಟಾರು ಕೊಳ್ಳಬೇಕೆಂದು. ಕೇಳಬೇಕಾದುದು ಮೈಕ್‌ಸೆಟ್ಟಿನವರು ಯಾರು ಎಂದು! ಲಕ್ಷ ರೂಪಾಯಿಯ ಗಿಟಾರೂ, ನಿವೃತ್ತರಾದ ಆರ್ಕೆಸ್ಟ್ರಾ ಕಲಾವಿದರೊಬ್ಬರಿಂದ ನಾನು 6,500 ರೂಪಾಯಿಗೆ ಪಡೆದ ಹಳೆಯ ಗಿಟಾರೂ ಒಂದೇ ಹರಕು ಪೆಟ್ಟಿಗೆಯಲ್ಲಿ ಒಂದೇ ರೀತಿ ಗೊರಗುಟ್ಟುತ್ತವೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಹಾಫ್ನರ್ ಕಂಪನಿಯ ಪಿಟೀಲಿನಾಕಾರದ ಬೇಸನ್ನು ಕೊಂಡದ್ದು ಅದು ಶ್ರೇಷ್ಠವೆಂದಲ್ಲ. ಅಗ್ಗವಾಗಿತ್ತು, ಎರಡು ಬದಿಯೂ ಒಂದೇ ಆಕಾರವಿದ್ದುದರಿಂದ ಎಡಗೈಯವನಾದ ಅವನ ಕೈಯಲ್ಲಿ ವಿಕಾರವಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಕಳುವಾದ ಆ ವಾದ್ಯ ಮರಳಿ ಅವನ ಕೈಸೇರಿದ ಸುದ್ದಿ 2024ರಲ್ಲಿ ಲೋಕಕ್ಕೆ ತಿಳಿಯಿತು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದವನು ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್. ಮೋಟೌನ್ ಕಂಪನಿಯ ಅಸಂಖ್ಯ ಜನಪ್ರಿಯ ಹಾಡುಗಳಿಗೆ ನೆಲ ಹಾಸಿದವನು ಅವನು. ಅವನ ಬಳಿ ಇದ್ದುದು 1962ರ ಒಂದು ಪ್ರಿಸಿಷನ್ ಬೇಸ್. ಮೀಟುತ್ತಿದ್ದುದು ಬಲಗೈಯ ತೋರುಬೆರಳೊಂದರಿಂದ. ತಂತಿ ತುಂಡಾದ ಹೊರತು ಬದಲಾಯಿಸುತ್ತಿರಲಿಲ್ಲ. ನಮ್ಮವರು ತಿಂಗಳಿಗೊಮ್ಮೆ ಹೊಸ ತಂತಿ ಹಾಕಿ ಝಣಝಣ ಮಾಡುತ್ತಾರೆ. ಆ ಝಣಝಣವು ಕೀಬೋರ್ಡಿನ ಜಾಗಕ್ಕೆ ಹೋಗಿ ಕೂತು ಜಗಳವಾಡುತ್ತದೆ. ಬೆವರು ಕುಡಿದು ಮಂಕಾದ ಹಳೆಯ ತಂತಿಯೇ ಗಾಯಕನಿಗೆ ಸ್ಥಳ ಬಿಟ್ಟುಕೊಡುತ್ತದೆ. ಇದರಲ್ಲಿ ನನ್ನ ಜೇಬಿನ ಅನುಕೂಲವೂ ಸೇರಿದೆ ಎಂದು ಗೆಳೆಯರು ಹಾಸ್ಯ ಮಾಡುವುದುಂಟು, ಇರಲಿ. ಜೇಮರ್ಸನ್ ಬಾರಿಸಿದ ಹಾಡುಗಳನ್ನು ಲೋಕವೆಲ್ಲ ಕೇಳುತ್ತಿದ್ದರೂ ವರ್ಷಗಟ್ಟಲೆ ಅವನ ಹೆಸರು ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಅಚ್ಚಾಗಲಿಲ್ಲ. ಅಚ್ಚಾದುದು 1971ರಲ್ಲಿ, ಮಾರ್ವಿನ್ ಗೇ ಎಂಬ ಗಾಯಕನ ಸಂಪುಟವೊಂದರಲ್ಲಿ. 1983ರಲ್ಲಿ ಅವನು ತೀರಿಕೊಂಡನು.

ಐದು ತಂತಿಯ ಬೇಸ್ ನಮ್ಮ ಊರಿನ ಮೈಕ್‌ಸೆಟ್ಟಿಗೆ ವ್ಯರ್ಥ. ನಾಲ್ಕನೆಯದನ್ನೇ ಅದು ನೆಟ್ಟಗೆ ನುಡಿಸಲಾರದು. ಬ್ಯಾಟರಿ ಬೇಡುವ ಗಿಟಾರನ್ನು ನಾನು ನಂಬುವುದಿಲ್ಲ. ಗೆಳೆಯನೊಬ್ಬನದು ಒಂದು ಯುಗಳಗೀತೆಯ ನಡುವೆ ಉಸಿರು ಬಿಟ್ಟಿತು. ಹೆಗಲಿನ ಪಟ್ಟಿ ಅಗಲವಾಗಿರಲಿ, ವಾದ್ಯ ಸುಮಾರು 4 ಕಿಲೋ ತೂಗುತ್ತದೆ. ವೈರು ಎರಡಿರಲಿ. ಎಲ್ಲಕ್ಕಿಂತ ಮೊದಲು ಕೊಳ್ಳಬೇಕಾದುದು ಹತ್ತಾರು ರೂಪಾಯಿಯ ಟೆಸ್ಟರು. ಇದು ಹಾಸ್ಯದ ಮಾತಲ್ಲ. ಪೆಂಡಾಲುಗಳಲ್ಲಿ ಎಲ್ಲಿಂದಲೋ ಎಳೆದ ಕರೆಂಟಿಗೆ ಅರ್ಥಿಂಗ್ ಇರುವುದಿಲ್ಲ. ಲೋಹದ ತಂತಿಯ ಮೇಲೆ ಬೆರಳಿಟ್ಟು, ಬೇರೆ ಕಡೆಯಿಂದ ಕರೆಂಟು ಬಂದ ಮೈಕಿಗೆ ತುಟಿ ತಾಗಿಸಿದರೆ ಮೈಯೇ ವೈರಾಗುತ್ತದೆ. 1972ರ ಮೇ 3ರಂದು ವೇಲ್ಸ್ ದೇಶದ ಸ್ವಾನ್‌ಸೀ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕನು ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ಒಮ್ಮೆ ನನ್ನ ತುಟಿಗೂ ಜುಮ್ಮೆಂದಿತ್ತು. ಅಂದಿನಿಂದ ಟೆಸ್ಟರು ಹಚ್ಚಿ ನೋಡದೆ ನಾನು ವೇದಿಕೆ ಹತ್ತುವುದಿಲ್ಲ. ಹೆದರುಪುಕ್ಕಲನೆಂದು ಯಾರಾದರೂ ನಕ್ಕರೆ ನಗಲಿ.

ಈಗ ನನಗೆ ನಿಜವಾಗಿ ಹೇಳಬೇಕಾಗಿರುವ ಮಾತಿಗೆ ಬರುತ್ತೇನೆ. ನಾನು ಸೇರಿದಾಗ ನಮ್ಮ ತಂಡದಲ್ಲಿ ಎಂಟು ಜನರಿದ್ದೆವು. ಈಗ ಹೆಚ್ಚಿನ ಕಾರ್ಯಕ್ರಮಗಳಿಗೆ ಹೋಗುವುದು ಇಬ್ಬರು ಗಾಯಕರು ಮತ್ತು ಒಂದು ಲ್ಯಾಪ್‌ಟಾಪು. ಹಾಡನ್ನು ತೆಗೆದು ವಾದ್ಯಗಳನ್ನು ಮಾತ್ರ ಉಳಿಸಿದ ಟ್ರ್ಯಾಕುಗಳು ಬೇಕಾದಷ್ಟು ಸಿಗುತ್ತವೆ. ಹೀಗೆ ತಂಡ ಕರಗುವಾಗ ಮೊದಲು ಬಿಟ್ಟುಹೋಗುವವನು ಬೇಸ್‌ನವನು. "ಟ್ರ್ಯಾಕ್‌ನಾಗ ಬೇಸ್ ಅದ ಅಲ್ಲಪ್ಪ" ಎಂದು ನನಗೂ ಹೇಳಿಯಾಗಿದೆ. ಸಮಿತಿಯವರದು ತಪ್ಪೆಂದು ಹೇಳಲಾರೆ. ಎಂಟು ಜನರ ಊಟ, ಟೆಂಪೋ ಬಾಡಿಗೆ, ಸಂಭಾವನೆ ಎಲ್ಲವೂ ಮನೆಮನೆಯ ಪಟ್ಟಿಯ ಹಣದಿಂದಲೇ ಬರಬೇಕು. ಟ್ರ್ಯಾಕಿನ ಬೇಸ್ ನನ್ನದಕ್ಕಿಂತ ಎಷ್ಟೋ ಶುದ್ಧವಾಗಿಯೂ ಇರುತ್ತದೆ.

ಆದರೂ ಒಂದು ಸಂಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ತಂಡದಲ್ಲಿ ಅರವತ್ತು ದಾಟಿದ ಹಿರಿಯ ಗಾಯಕರೊಬ್ಬರಿದ್ದಾರೆ. ಅವರಿಗೆ ಈಗ ಉಸಿರು ಸಾಲದು. ಚರಣದ ಮೂರನೆಯ ಸಾಲಿಗೆ ಮೊದಲು ಅವರ ಭುಜ ಸ್ವಲ್ಪ ಮೇಲಕ್ಕೇಳುತ್ತದೆ. ಅದನ್ನು ಕಂಡೊಡನೆ ನಾನು ಇದ್ದ ಸ್ವರವನ್ನೇ ಇನ್ನೊಂದು ಆವರ್ತ ಸುತ್ತಿಸುತ್ತೇನೆ, ತಬಲಾದವರು ನನ್ನನ್ನು ನೋಡುತ್ತಾರೆ, ಅವರು ಉಸಿರು ತೆಗೆದುಕೊಂಡು ನೆಮ್ಮದಿಯಾಗಿ ಸಾಲಿಗೆ ಬರುತ್ತಾರೆ. ಎದುರಿಗೆ ಕೂತವರಿಗೆ ಅಲ್ಲಿ ಏನಾದರೂ ನಡೆಯಿತೆಂಬುದೇ ಗೊತ್ತಾಗುವುದಿಲ್ಲ. ಹಾಡು ಹಾಗೆಯೇ ಇದೆಯೆಂದು ತಿಳಿಯುತ್ತಾರೆ. ಎರಡು ತಿಂಗಳ ಅನಂತರ ಒಂದು ಮದುವೆಯ ಆರತಕ್ಷತೆಯಲ್ಲಿ ಅವರು ಅದೇ ಹಾಡನ್ನು ಟ್ರ್ಯಾಕಿಗೆ ಹಾಡಿದರು. ನಾನು ಊಟಕ್ಕೆ ಹೋದವನು, ಕೆಳಗೆ ಕೂತಿದ್ದೆ. ಭುಜ ಮೇಲಕ್ಕೆದ್ದಿತು. ಟ್ರ್ಯಾಕು ನಿಲ್ಲಲಿಲ್ಲ. ಅವರು ಎರಡು ಪದ ಹಿಂದೆ ಬಿದ್ದರು, ಓಡಿ ಹಿಡಿಯಲು ನೋಡಿದರು, ಕೊನೆಗೆ ನಕ್ಕು ಮೈಕನ್ನು ಜೊತೆಯ ಹುಡುಗಿಯ ಕೈಗೆ ಕೊಟ್ಟು ಇಳಿದುಬಂದರು. "ವಯಸ್ಸಾತಪ್ಪ" ಎಂದು ನನ್ನ ಪಕ್ಕದಲ್ಲಿಯೇ ಎಲೆಯ ಮುಂದೆ ಕೂತರು. ನನ್ನ ಕೈ ತನಗೆ ತಾನೇ ತೊಡೆಯ ಮೇಲೆ ಆ ಸ್ವರವನ್ನು ಸುತ್ತಿಸುತ್ತಿದ್ದುದು ಆಗ ನನ್ನ ಗಮನಕ್ಕೆ ಬಂದಿತು.

ಕರೆಂಟು ಹೋದರೆ ಟ್ರ್ಯಾಕು ಸಾಯುತ್ತದೆ, ತಬಲಾ ಉಳಿಯುತ್ತದೆ ಎಂದು ನಮ್ಮವರು ವಾದ ಹೂಡುವುದುಂಟು. ಆ ವಾದವನ್ನು ನಾನು ಮಾಡುವುದಿಲ್ಲ. ಕರೆಂಟು ಹೋದರೆ ನನ್ನದೂ ಸಾಯುತ್ತದೆ.

ಈ ವರ್ಷದ ಉತ್ಸವಕ್ಕೆ ಸಮಿತಿಯವರೊಡನೆ ಮಾತಾಗಿದೆ. ಹೆಚ್ಚಿನ ಹಾಡುಗಳು ಟ್ರ್ಯಾಕಿನಲ್ಲಿಯೇ. ಐದು ಹಾಡುಗಳಿಗೆ ಮಾತ್ರ ನಾವು ಐದು ಜನ ಕೂತು ಬಾರಿಸುವುದು, ಸಂಭಾವನೆ ಬೇಡ, ಊಟ ಕೊಟ್ಟರೆ ಸಾಕೆಂದು ಒಪ್ಪಿದ್ದೇವೆ. ಐದರಲ್ಲಿ ಎರಡನ್ನು ಆ ಹಿರಿಯರೇ ಹಾಡುತ್ತಾರೆ. ಕಾಲೇಜಿನ ಗೆಳೆಯರೂ ಅಧ್ಯಾಪಕರೂ ದಯಮಾಡಿ ಬರಬೇಕು. ಬಂದವರು ಸ್ಪೀಕರಿನ ಬುಡದಲ್ಲಿ ನಿಲ್ಲದೆ ವೇದಿಕೆಗೆ ನೇರ ಎದುರಾಗಿ, ನಲವತ್ತು ಅಡಿ ಹಿಂದೆ, ನಡುಸಾಲಿನಲ್ಲಿ ಕೂಡಬೇಕು. ಅಲ್ಲಿ ಒಂದು ಕುರ್ಚಿಯನ್ನು ಮಾತ್ರ ಬಿಟ್ಟಿರಿ. ಅದು ಅವ್ವನಿಗೆ.