ಹರಿಗೋಲು: ಪದವೂ ಪದಾರ್ಥವೂ

ದಾಸರ ಪದಗಳನ್ನು ಬೋಧಿಸುವಾಗ ‘ಹರಿಗೋಲು’ ಎಂಬುದಕ್ಕೆ ‘ದೋಣಿ’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಇದರಿಂದ ಒಂದು ಮುಖ್ಯವಾದ ಸ್ವಾರಸ್ಯವು ಕೈತಪ್ಪುತ್ತದೆ. ಅದೇನೆಂಬುದನ್ನು ಇಲ್ಲಿ ವಿಚಾರಮಾಡೋಣ.

ಹಾರೋಹಳ್ಳಿಯಿಂದ ಕನಕಪುರದ ಮಾರ್ಗವಾಗಿ ದಕ್ಷಿಣಕ್ಕೆ ಹೋದರೆ ಅರ್ಕಾವತಿಯು ಕಾವೇರಿಯನ್ನು ಕೂಡುವ ಸಂಗಮವು ದೊರೆಯುತ್ತದೆ. ಅಲ್ಲಿಂದ ಮೇಕೆದಾಟು ಸುಮಾರು 4 ಕಿಲೋಮೀಟರ್ ದೂರ. ಅದನ್ನು ನೋಡಬಂದವರನ್ನು ಹೊಳೆ ದಾಟಿಸುವುದೂ, ನೀರಿನ ಮೇಲೆ ಒಂದು ಸುತ್ತು ವಿಹಾರ ಮಾಡಿಸುವುದೂ ಹರಿಗೋಲಿನ ಕೆಲಸ. ಹೊಳೆ ತುಂಬಿ ಹರಿಯುವಾಗ ಅದಕ್ಕೆ ಬಿಡುವು.

ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ತೊಗಲನ್ನು ಹೊದಿಸುವುದು ಪೂರ್ವದ ಕ್ರಮ. ತಳವು ಚಪ್ಪಟೆಯಾದುದರಿಂದ ಬಂಡೆಗಳ ಮೇಲಿನ ತೆಳುನೀರಿನಲ್ಲಿಯೂ ಅದು ತೇಲಬಲ್ಲದು. ನೀರನ್ನು ಸೀಳುವ ಮೂತಿಯಾಗಲಿ, ನೆಟ್ಟಗೆ ನಡೆಯಿಸುವ ಅಡಿಮರವಾಗಲಿ ಇಲ್ಲದುದರಿಂದ ಗಿರ್ರನೆ ತಿರುಗುವುದು ಅದರ ಸ್ವಭಾವ. ಒಂದೇ ಹುಟ್ಟಿನಿಂದ ಆ ತಿರುಗುವಿಕೆಯನ್ನು ಅಡಗಿಸಿ ದಡ ಮುಟ್ಟಿಸುವುದೇ ಅಂಬಿಗನ ಜಾಣ್ಮೆ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಇಂಥವನ್ನೇ ವರ್ಣಿಸಿದ್ದಾನೆ. ತೊಗಲು ಹೊದಿಸಿದ ಆ ದುಂಡು ನಾವೆಗಳು 15–20 ಜನರನ್ನು ಹೊರುತ್ತಿದ್ದುವೆಂದೂ, ಸದಾ ತಿರುಗುತ್ತಲೇ ಸಾಗುತ್ತಿದ್ದುವೆಂದೂ ಅವನ ಬರಹದಿಂದ ತಿಳಿಯುತ್ತದೆ. ತಮಿಳಿನಲ್ಲಿ ಇದಕ್ಕೆ ‘ಪರಿಸಲ್’ ಎಂದು ಹೆಸರು. ಪಾಲು ಹಾಲಾದಂತೆ ಪಕಾರವು ಹಕಾರವಾಗುವುದು ಕನ್ನಡದಲ್ಲಿ ಪ್ರಸಿದ್ಧವಾದುದರಿಂದ, ಎರಡು ಹೆಸರುಗಳ ಮೊದಲ ಭಾಗವೂ ಒಂದೇ ಮೂಲದ್ದೆಂದು ಊಹಿಸಬಹುದು.

ಆ 16ನೆಯ ಶತಮಾನದವರೇ ಆದ ಪುರಂದರದಾಸರು, ಅಂಬಿಗನನ್ನು ಕುರಿತ ತಮ್ಮ ಕೀರ್ತನೆಯಲ್ಲಿ ಹರಿಗೋಲಿಗೆ ಒಂಬತ್ತು ತೂತುಗಳನ್ನು ಹೇಳಿದ್ದಾರೆ. ಅವು ದೇಹದ ನವದ್ವಾರಗಳೆಂಬುದು ಸರ್ವವಿದಿತ. ಆದರೆ ಮರದ ದೋಣಿಯನ್ನು ನೆನೆದವರಿಗೆ ಹೋಲಿಕೆಯ ಅರ್ಧಭಾಗ ಮಾತ್ರ ದಕ್ಕುತ್ತದೆ. ಹಲಗೆಯ ದೋಣಿಯಲ್ಲಿ ನೀರನ್ನು ತಡೆಯುವುದು ಮರವೇ. ಹರಿಗೋಲಿನಲ್ಲಾದರೋ ಬಿದಿರಿನ ಹಂದರವು ಆಕಾರವನ್ನು ಮಾತ್ರ ಕೊಡುತ್ತದೆ; ನೀರನ್ನು ತಡೆಯುವುದು ತೊಗಲೊಂದೇ. ಎಲುಬಿನ ಗೂಡಿಗೆ ಚರ್ಮ ಹೊದಿಸಿದ ಈ ಶರೀರಕ್ಕೆ ಇದಕ್ಕಿಂತ ಹತ್ತಿರವಾದ ಉಪಮಾನ ಯಾವುದುಂಟು?

ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಅಂಬಿಗನಿಗೆ ಅದು ಅನುಕೂಲವೇ; ಆಕ್ಷೇಪಿಸಲಾಗದು. ಆದರೆ ಪದಾರ್ಥವು ಮಾರ್ಪಟ್ಟಾಗ ಪದದ ಅರ್ಥವನ್ನು ಕಾಪಾಡುವ ಹೊಣೆ ಅಧ್ಯಾಪಕರ ಮೇಲೆ ಬೀಳುತ್ತದೆ. ವಿದ್ಯಾರ್ಥಿಗಳನ್ನು ಒಮ್ಮೆ ಸಂಗಮಕ್ಕೆ ಕರೆದೊಯ್ದು, ಬಿದಿರಿನ ಹೆಣಿಗೆಯನ್ನು ತೋರಿಸಿ, ಹಿಂದೆ ಅದರ ಮೇಲೆ ಏನಿದ್ದಿತೆಂಬುದನ್ನು ಹೇಳಿದರೆ, ಕೀರ್ತನೆಗೆ ಬೇರೆ ವ್ಯಾಖ್ಯಾನವೇ ಬೇಕಾಗಲಾರದು.