ಚಿತ್ರ ನೋಡುವ ಮೊದಲು ಒಂದು ಅಚ್ಚು ಕೊರೆಯಿರಿ

ಶಾಲೆಯ ಪ್ರವಾಸದಲ್ಲಿ ಕಲಾ ಗ್ಯಾಲರಿಗೆ ಹೋದಾಗ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಸಾಲಾಗಿ ಒಳಗೆ ಹೋಗುತ್ತೀರಿ. ಚಿತ್ರಕ್ಕಿಂತ ಅದರ ಕೆಳಗಿನ ಹೆಸರಿನ ಚೀಟಿಯನ್ನೇ ಹೆಚ್ಚು ಹೊತ್ತು ಓದುತ್ತೀರಿ. ಹತ್ತು ನಿಮಿಷದಲ್ಲಿ ಹೊರಗೆ ಬಂದು ‘ಚೆನ್ನಾಗಿತ್ತು’ ಎನ್ನುತ್ತೀರಿ. ಏನು ಚೆನ್ನಾಗಿತ್ತು ಎಂದು ಮೇಷ್ಟರು ಕೇಳಿದರೆ ಮಾತ್ರ ಉತ್ತರ ಹೊಳೆಯುವುದಿಲ್ಲ. ಇದಕ್ಕೆ ನಿಮ್ಮನ್ನು ದೂರಿ ಪ್ರಯೋಜನವಿಲ್ಲ. ಒಂದು ಕೆಲಸ ಹೇಗೆ ಆಯಿತು ಎಂದು ತಿಳಿಯದವರ ಕಣ್ಣು ಅದರ ಮೇಲೆ ಜಾರಿ ಹೋಗುವುದು ಸಹಜ.

ಗ್ಯಾಲರಿಗಳು ಆಗಾಗ ಏರ್ಪಡಿಸುವ ಕಲಾ ಕಮ್ಮಟಗಳು ನೆರವಿಗೆ ಬರುವುದು ಇಲ್ಲಿಯೇ. ಕಮ್ಮಟ ಎಂದರೆ ಹಿಂದೆ ನಾಣ್ಯಗಳನ್ನು ಅಚ್ಚು ಹಾಕುತ್ತಿದ್ದ ಟಂಕಸಾಲೆ. ಈಗ ಹತ್ತಾರು ಜನ ಒಟ್ಟಿಗೆ ಕುಳಿತು ಕೈಯಾರೆ ಮಾಡಿ ಕಲಿಯುವುದಕ್ಕೆ ಆ ಹೆಸರು ಬಂದಿದೆ. ನಾವಿಲ್ಲಿ ಹೇಳಲಿರುವ ಲಿನೋ ಅಚ್ಚಿನ ಕಮ್ಮಟಕ್ಕಂತೂ ಹಳೆಯ ಅರ್ಥವೂ ಒಪ್ಪುತ್ತದೆ.

ಲಿನೋಲಿಯಂ ಮೂಲತಃ ನೆಲಕ್ಕೆ ಹಾಸುವ ವಸ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಅದನ್ನು ಕಂಡುಹಿಡಿದರು. ಅಗಸೆ ಎಣ್ಣೆಯನ್ನು ಗಟ್ಟಿಯಾಗಿಸಿ, ಕಾರ್ಕ್ ಪುಡಿ ಬೆರೆಸಿ, ಸೆಣಬಿನ ಬಟ್ಟೆಯ ಮೇಲೆ ಹರಡಿದರೆ ಲಿನೋ ಹಾಳೆ ಸಿದ್ಧವಾಗುತ್ತದೆ. ಮರಕ್ಕೆ ಎಳೆಗಳಿರುತ್ತವೆ, ಎಳೆಗೆ ಅಡ್ಡವಾಗಿ ಉಳಿ ಓಡಿಸುವುದು ಕಷ್ಟ. ಲಿನೋಗೆ ಎಳೆಯೇ ಇಲ್ಲ, ಉಳಿ ಯಾವ ಕಡೆಗಾದರೂ ತಿರುಗುತ್ತದೆ. ಹೊಸಬರ ಕೈಗೆ ಮೊದಲು ಇದನ್ನೇ ಕೊಡುವುದು ಅದಕ್ಕಾಗಿಯೇ. ಹಾಳೆ ಗಡುಸಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಮೆತ್ತಗಾಗುತ್ತದೆ.

ಹಾಳೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದು ಗೆರೆಗಳನ್ನು ಕೊರೆಯಬೇಕು. ಕೊರೆದ ಜಾಗಕ್ಕೆ ಶಾಯಿ ತಾಗುವುದಿಲ್ಲ, ಅಚ್ಚಿನಲ್ಲಿ ಅದು ಬಿಳಿಯಾಗಿ ಉಳಿಯುತ್ತದೆ. ಮುಟ್ಟದೆ ಬಿಟ್ಟದ್ದು ಕಪ್ಪಾಗುತ್ತದೆ. ನೋಟ್‌ಪುಸ್ತಕದಲ್ಲಿ ನಾವು ಬಿಳಿಯ ಮೇಲೆ ಕಪ್ಪು ಬರೆಯುವುದನ್ನೇ ಅಭ್ಯಾಸ ಮಾಡಿಕೊಂಡವರು. ಇಲ್ಲಿ ಎಲ್ಲವೂ ತಲೆಕೆಳಗು. ಅಷ್ಟೇ ಅಲ್ಲ, ಎಡಬಲವೂ ಅದಲುಬದಲು. ಹೆಸರನ್ನು ನೇರವಾಗಿ ಕೊರೆದವರಿಗೆ ಅದು ಕನ್ನಡಿಯಲ್ಲಿ ಕಂಡಂತೆ ಅಚ್ಚಾಗುತ್ತದೆ. ಪ್ರತಿ ಕಮ್ಮಟದಲ್ಲೂ ಇಂಥವರು ಇಬ್ಬರಾದರೂ ಇರುತ್ತಾರೆ, ನಗು ಏಳುವುದೂ ಆಗಲೇ. ಇನ್ನೊಂದು ಎಚ್ಚರ: ಹಾಳೆಯನ್ನು ಹಿಡಿದ ಕೈ ಯಾವಾಗಲೂ ಉಳಿಯ ಹಿಂದಿರಬೇಕು, ಎಂದೂ ಮುಂದಿರಬಾರದು.

ಆಮೇಲೆ ಗಾಜಿನ ಮೇಲೆ ಶಾಯಿಯನ್ನು ರೋಲರಿನಿಂದ ತೆಳ್ಳಗೆ ಹರಡಿ, ಅದೇ ರೋಲರನ್ನು ಹಾಳೆಯ ಮೇಲೆ ಓಡಿಸಬೇಕು. ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ಉಜ್ಜಿ, ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿದರೆ ಅಚ್ಚು ಸಿದ್ಧ. ಇದನ್ನೆಲ್ಲ ದೂರದರ್ಶನದ ಪರದೆಯ ಮೇಲೆ ತೋರಿಸಬಹುದು. ಆದರೆ ಉಳಿಗೆ ಹಾಳೆ ಎಷ್ಟು ಎದುರು ಒತ್ತುತ್ತದೆ ಎಂಬುದನ್ನು ಪರದೆ ತೋರಿಸಲಾರದು. ಅದು ಮಣಿಕಟ್ಟಿಗೆ ಮಾತ್ರ ತಿಳಿಯುವ ವಿಷಯ.

ಹೀಗೆ ಒಂದು ಅಚ್ಚು ತೆಗೆದ ಮೇಲೆ ನಂದಲಾಲ್ ಬೋಸರು 1930ರಲ್ಲಿ ದಂಡಿ ಯಾತ್ರೆಯ ಗಾಂಧೀಜಿಯನ್ನು ಕುರಿತು ಮಾಡಿದ ಲಿನೋ ಅಚ್ಚನ್ನು ನೋಡಿ. ಪಠ್ಯಪುಸ್ತಕದಲ್ಲೋ ಬೇರೆಲ್ಲೋ ನೀವು ಅದನ್ನು ಕಂಡೇ ಇರುತ್ತೀರಿ: ಕೋಲು ಹಿಡಿದು ಹೆಜ್ಜೆ ಹಾಕುತ್ತಿರುವ ಬಾಪೂ. ಕಪ್ಪು ನೆಲ, ಅದರ ಮೇಲೆ ಕೆಲವೇ ಬಿಳಿ ಗೆರೆಗಳು. ಮೊದಲು ಅದು ‘ಗಾಂಧೀಜಿಯ ಚಿತ್ರ’ ಮಾತ್ರ ಆಗಿತ್ತು. ಈಗ ಒಂದೊಂದು ಬಿಳಿ ಗೆರೆಯೂ ಉಳಿಯ ಒಂದೊಂದು ಓಟವೆಂದು ನಿಮಗೆ ಗೊತ್ತು. ಕೊರೆದ ಗೆರೆಯನ್ನು ರಬ್ಬರಿನಿಂದ ಅಳಿಸಲಾಗದು ಎಂಬುದೂ ಗೊತ್ತು. ಇಷ್ಟು ಕಡಿಮೆ ಗೆರೆಗಳಲ್ಲಿ ನಡಿಗೆಯ ಬಿರುಸು ಹೇಗೆ ಬಂತು ಎಂದು ನಿಂತು ಹುಡುಕುತ್ತೀರಿ.

ಆ ನಂದಲಾಲರ ಜೊತೆ ಕಲ್ಕತ್ತದ ಸರಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು ನಮ್ಮ ಕೆ. ವೆಂಕಟಪ್ಪನವರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಊಟಿಯ ಜಲವರ್ಣ ಚಿತ್ರಗಳಷ್ಟೇ ಅವರ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಚಿತ್ರಗಳೂ ಹೆಸರಾದವು. ಜೇಡಿಮಣ್ಣಿನ ಕಮ್ಮಟದಲ್ಲಿ ಒಂದು ಮುಖವನ್ನು ಹಲಗೆಯಿಂದ ಬೆರಳುದ್ದವೂ ಮೇಲೇಳದಂತೆ ತಿದ್ದಲು ಒಮ್ಮೆ ಪ್ರಯತ್ನಿಸಿ, ಮೂಗು ನಿಮ್ಮನ್ನು ಸೋಲಿಸುತ್ತದೆ. ಆಮೇಲೆ ಆ ಉಬ್ಬುಚಿತ್ರಗಳನ್ನು ಎದುರಿನಿಂದ ನೋಡಿ, ಪಕ್ಕದಿಂದಲೂ ನೋಡಿ.

ಕಮ್ಮಟ ಎಂದೊಡನೆ ಹಲವರು ‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂದು ಹಿಂದೆ ಸರಿಯುತ್ತಾರೆ. ಈ ತೀರ್ಪನ್ನು ಸಾಮಾನ್ಯವಾಗಿ ಏಳನೆಯ, ಎಂಟನೆಯ ತರಗತಿಯಲ್ಲೇ ಕೊಟ್ಟುಕೊಂಡಿರುತ್ತಾರೆ, ಅದೂ ಪಕ್ಕದ ಬೆಂಚಿನವನ ಚಿತ್ರ ನೋಡಿ. ಒಮ್ಮೆ ಕೊಟ್ಟುಕೊಂಡರೆ ಆಯಿತು, ಅನೇಕರು ಜೀವನಪೂರ್ತಿ ಕುಂಚ ಮುಟ್ಟುವುದಿಲ್ಲ, ಗ್ಯಾಲರಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಇಷ್ಟು ದೊಡ್ಡ ನಷ್ಟಕ್ಕೆ ಅಷ್ಟು ಸಣ್ಣ ಕಾರಣ! ಲಿನೋದಲ್ಲಿ ನಯವಾಗಿ ಬರೆಯುವ ಕೈಗೆ ಅಂಥ ವಿಶೇಷ ಅನುಕೂಲವೇನೂ ಇಲ್ಲ. ಅಲ್ಲಿ ಬೇಕಾದದ್ದು ಧೈರ್ಯದ ದಪ್ಪ ಆಕಾರ: ಒಂದು ಮಾವಿನೆಲೆ, ಒಂದು ಬೀಗದ ಕೈ ಸಾಕು. ‘ಇದಕ್ಕೆ ಎಷ್ಟು ಅಂಕ?’ ಎಂದು ಮನೆಯಲ್ಲಿ ಕೇಳಬಹುದು. ಅಂಕವಿಲ್ಲ. ಕೆಡಿಸಲು ಹೆದರದೆ ಮಾಡಬಹುದಾದದ್ದು ಆ ಕಾರಣದಿಂದಲೇ.

ಕಮ್ಮಟಗಳ ಸುದ್ದಿ ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲಿ 1960ರಲ್ಲಿ ಆರಂಭವಾದ ಕರ್ನಾಟಕ ಚಿತ್ರಕಲಾ ಪರಿಷತ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇವುಗಳ ಸೂಚನಾ ಫಲಕ ನೋಡಿ, ಇಲ್ಲವೇ ಕಚೇರಿಯಲ್ಲಿ ವಿಚಾರಿಸಿ. ಮೈಸೂರಿನವರು ಕಾವಾದಲ್ಲಿ, ದಾವಣಗೆರೆಯವರು ಅಲ್ಲಿನ ದೃಶ್ಯಕಲಾ ಕಾಲೇಜಿನಲ್ಲಿ ಕೇಳಬಹುದು. ಶುಲ್ಕವಿದೆಯೇ, ಸಾಮಗ್ರಿ ಅವರೇ ಕೊಡುತ್ತಾರೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಹಳೆಯ ಅಂಗಿ ತೊಟ್ಟು ಹೋಗಿ, ಶಾಯಿ ಬಟ್ಟೆಯಿಂದ ಸುಲಭವಾಗಿ ಹೋಗುವುದಿಲ್ಲ.

ಅಚ್ಚು ಒಣಗಿದ ಮೇಲೆ ಅದರ ಕೆಳಗೆ ಪೆನ್ಸಿಲಿನಿಂದ 3/10 ಎಂಬಂತೆ ಬರೆದು ಸಹಿ ಮಾಡುವ ಪದ್ಧತಿ ಇದೆ. ಹತ್ತು ಅಚ್ಚುಗಳಲ್ಲಿ ಇದು ಮೂರನೆಯದು ಎಂದರ್ಥ. ಕೊರೆದ ಹಾಳೆಯನ್ನು ಅಲ್ಲೇ ಬಿಟ್ಟು ಬರಬೇಡಿ. ಶಾಯಿ ಒರೆಸಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಸಪಾಟಾಗಿ ಇಟ್ಟುಕೊಂಡರೆ ಮುಂದಿನ ಯುಗಾದಿಗೆ ಶುಭಾಶಯ ಪತ್ರಗಳನ್ನು ಅದರಿಂದಲೇ ತೆಗೆಯಬಹುದು.