ಊರ ಹೋಟೆಲಿನ ರುಚಿಭೇದಗಳು

ನಮ್ಮ ನಾಡಿನ ಯಾವ ತಾಲ್ಲೂಕು ಕೇಂದ್ರದಲ್ಲಿ ಬಸ್ಸಿನಿಂದಿಳಿದರೂ, ನಿಲ್ದಾಣದ ಎದುರಿನಲ್ಲಿಯೋ ಪೇಟೆಬೀದಿಯ ತಿರುವಿನಲ್ಲಿಯೋ, ಕೃಷ್ಣನ ಹೆಸರನ್ನೊ ಗಣಪತಿಯ ಹೆಸರನ್ನೊ ಹಲಗೆಯ ಮೇಲೆ ಧರಿಸಿ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಊದುಬತ್ತಿಯ ಬೂದಿಯನ್ನೂ ಸೋಂಪಿನ ತಟ್ಟೆಯನ್ನೂ ಇರಿಸಿಕೊಂಡಿರುವ ಒಂದು ಹಳೆಯ ಹೋಟೆಲು ಕಣ್ಣಿಗೆ ಬೀಳದೆ ಇರದು. ಮಹಾನಗರದ ಸುಪ್ರಸಿದ್ಧ ಉಪಾಹಾರಗೃಹಗಳನ್ನು ಕುರಿತು ಬೇಕಾದಷ್ಟು ಬರೆದಾಗಿದೆ. ಸೋಮವಾರ ಮಲ್ಲಿಗೆಯಂತಹ ಇಡ್ಲಿಯನ್ನು ಬಡಿಸಿ, ಮಂಗಳವಾರ ಅದೇ ತಟ್ಟೆಯಲ್ಲಿ ಅದೇ ಬೆಲೆಗೆ ಚಮಚೆಗೂ ಬಗ್ಗದ ಇಡ್ಲಿಯನ್ನು ಇಟ್ಟುಹೋಗುವ ಈ ಊರ ಹೋಟೆಲನ್ನು ಮಾತ್ರ ಯಾರೂ ಪರಿಚಯಿಸುವ ಗೋಜಿಗೆ ಹೋದಂತಿಲ್ಲ. ಆದರೂ ನಮ್ಮಲ್ಲಿ ಬಹುಸಂಖ್ಯಾತರು ಮನೆಯಿಂದಾಚೆ ತಿಂಡಿಯೆಂದು ತಿಂದಿರುವುದು ಇಂತಹ ಸ್ಥಳಗಳಲ್ಲಿಯೇ.

ಇದರ ವಂಶಮೂಲ ಪಶ್ಚಿಮ ಕರಾವಳಿಯಲ್ಲಿದೆ. ಉಡುಪಿಯ ಅಷ್ಟಮಠಗಳು ಸರದಿಯಂತೆ ಎರಡೆರಡು ವರ್ಷ ಕೃಷ್ಣಪೂಜೆಯ ಅಧಿಕಾರವನ್ನು ವಹಿಸುವ ಪರ್ಯಾಯ ಪದ್ಧತಿಯಲ್ಲಿ, ಪ್ರತಿದಿನವೂ ನಡೆಯುವ ಸಾಮೂಹಿಕ ಅನ್ನಸಂತರ್ಪಣೆಯು ಆ ಸೀಮೆಯಲ್ಲಿ ದೊಡ್ಡ ಪ್ರಮಾಣದ ಪಾಕವಿದ್ಯೆಯನ್ನು ಕುಲವೃತ್ತಿಯಾಗಿ ಬೆಳೆಸಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಡತನದಿಂದ ಘಟ್ಟ ಹತ್ತಿದ ತರುಣರಿಗೆ ಆ ವಿದ್ಯೆಯೇ ಬಂಡವಾಳವಾಯಿತು. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿದ ಸಣ್ಣ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಕೀರ್ತಿಯನ್ನು ಪಡೆಯಿತು, 1943ರಲ್ಲಿ ಗಾಂಧಿಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆಯಿತು, ಕೆ. ಕೃಷ್ಣರಾಯರು ಮದರಾಸಿನಲ್ಲಿ ವುಡ್‌ಲ್ಯಾಂಡ್ಸನ್ನು ಕಟ್ಟಿದರು. ಹೀಗೆ ಹೆಸರಾದವರು ಕೆಲವರು. ಹೆಸರಾಗದೆ, ಒಂದೇ ಊರಿನಲ್ಲಿ ಒಂದೇ ಕಾವಲಿಯ ಮುಂದೆ ಆಯುಷ್ಯವನ್ನು ಕಳೆದವರು ಅಸಂಖ್ಯ. (ಅಂದಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆಂದು ಪ್ರತ್ಯೇಕ ಪಂಕ್ತಿಯಿದ್ದುದನ್ನು, ಹಳೆಯದೆಲ್ಲವನ್ನೂ ಕೊಂಡಾಡುವವರು ಸಾಮಾನ್ಯವಾಗಿ ಮರೆತುಬಿಡುತ್ತಾರೆ. ಆ ಗೋಡೆ ಬಿದ್ದುದು ರುಚಿಗಿಂತ ದೊಡ್ಡ ಲಾಭ.)

ಇನ್ನು ರುಚಿಯ ಏರಿಳಿತದ ವಿಚಾರ. ಅದನ್ನು ಅಡುಗೆಯವನ ಅಲಕ್ಷ್ಯವೆಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ನ್ಯಾಯವಲ್ಲ. ಇಡ್ಲಿಗೆ ಒಂದು ಪಾಲು ಉದ್ದಿಗೆ ಎರಡರಿಂದ ಮೂರು ಪಾಲು ಅಕ್ಕಿತರಿಯೆಂಬ ಲೆಕ್ಕವೇನೋ ಎಲ್ಲರಿಗೂ ತಿಳಿದದ್ದೆ. ಆದರೆ ಆ ಹಿಟ್ಟನ್ನು ಉಬ್ಬಿಸತಕ್ಕವು ಉದ್ದಿನಲ್ಲಿಯೇ ಸಹಜವಾಗಿ ನೆಲೆಸಿರುವ ಸೂಕ್ಷ್ಮಜೀವಿಗಳು, ಮತ್ತು ಅವು ಯಜಮಾನನ ಅಪ್ಪಣೆಗಿಂತ ಹವೆಯ ಅಪ್ಪಣೆಯನ್ನು ಹೆಚ್ಚಾಗಿ ಪಾಲಿಸುತ್ತವೆ. ವೈಶಾಖದ ಸೆಕೆಯಲ್ಲಿ 6-7 ಗಂಟೆಗಳಲ್ಲಿ ಪಾತ್ರೆಯ ಬಾಯಿಗೆ ಬರುವ ಹಿಟ್ಟು, ಪುಷ್ಯಮಾಸದ ಚಳಿಯಲ್ಲಿ 12 ಗಂಟೆ ಕಳೆದರೂ ಮೈಮುರಿದೇಳುವುದಿಲ್ಲ. ಹಳೆಯ ಉದ್ದಿನಲ್ಲಿ ಲೋಳೆ ಕಡಮೆ; ಲೋಳೆ ಕಡಮೆಯಾದರೆ ಹುದುಗಿನಿಂದ ಹುಟ್ಟಿದ ಗಾಳಿಯನ್ನು ಹಿಟ್ಟು ಹಿಡಿದಿಡಲಾರದು. ಅಂಗಡಿಯವನು ಮೂಟೆ ಬದಲಿಸಿದ ವಾರವೇ ಇಡ್ಲಿಯ ಸ್ವಭಾವವೂ ಬದಲಾಗುವುದರಲ್ಲಿ ಆಶ್ಚರ್ಯವೇನಿದೆ?

ದೋಸೆಯ ಕಥೆ ಇನ್ನೂ ಸೂಕ್ಷ್ಮವಾದದ್ದು. ಅಡುಗೆಮನೆಯ ಬಾಗಿಲಿಗೆ ನೇರವಾಗಿರುವ ಮೇಜಿನಲ್ಲಿ ಕುಳಿತು ನೋಡಿದವರಿಗೆ ಅದು ಸ್ಪಷ್ಟವಾಗುತ್ತದೆ. ಭಟ್ಟರು ಕಾದ ಕಾವಲಿಯ ಮೇಲೆ ಒಂದು ಹಿಡಿ ನೀರು ಚಿಮುಕಿಸುತ್ತಾರೆ. ಹನಿಗಳು ಚುಂಯ್ಯೆಂದು ಓಡಾಡಿ ಆರುವ ವೇಗದಿಂದಲೇ ಅವರು ಕಾವನ್ನು ಅಳೆಯುವುದು. ಅನಂತರ ಕಡ್ಡಿಪೊರಕೆಯಿಂದ ಒಮ್ಮೆ ಗುಡಿಸಿ, ಸಾಲಿಗೆ ನಾಲ್ಕರಂತೆ ಎರಡು ಸಾಲು ಹಿಟ್ಟನ್ನು ಸುರಿದು, ಬಟ್ಟಲಿನ ತಳದಿಂದ ಒಳಗಿನಿಂದ ಹೊರಕ್ಕೆ ತಿರುವುತ್ತ ಬರುತ್ತಾರೆ. ಕಾವು ಮಿತಿ ಮೀರಿದ್ದರೆ ಹಿಟ್ಟು ಕಲ್ಲಿಗೆ ಹತ್ತದೆ ಬಟ್ಟಲಿನೊಂದಿಗೇ ಎದ್ದುಬರುತ್ತದೆ; ಸಾಲದಿದ್ದರೆ ದೋಸೆ ಬೆಂದರೂ ಬಣ್ಣ ಬಾರದು. ಎಲ್ಲವೂ ಸರಿಯಿದ್ದಾಗಲೂ, ಉರಿಯ ನೇರಕ್ಕೆ ಬಿದ್ದ ನಡುವಣ ದೋಸೆಗಳು ಹೊಂಬಣ್ಣ ತಳೆಯುತ್ತಿರುವಾಗ ಅಂಚಿನವು ಬಿಳಿಚಿಕೊಂಡೇ ಇರುತ್ತವೆ. ಒಂದೇ ಮೇಜಿನಲ್ಲಿ ಎದುರುಬದುರು ಕುಳಿತ ಸ್ನೇಹಿತರಿಬ್ಬರಲ್ಲಿ ಒಬ್ಬನು ಹೋಟೆಲನ್ನು ಹೊಗಳುತ್ತಲೂ ಮತ್ತೊಬ್ಬನು ತೆಗಳುತ್ತಲೂ ಎದ್ದುಹೋಗುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಕಾಫಿಯಂತೂ ಗಡಿಯಾರದ ಅಡಿಯಾಳು. ಬೆಳಗಿನ ಜಾವ ಇಳಿಸಿದ ಮೊದಲ ಡಿಕಾಕ್ಷನ್ನಿಗೂ, ಅದೇ ಪುಡಿಯ ಮೇಲೆ ಮತ್ತೊಮ್ಮೆ ನೀರು ಹೊಯ್ದು ಇಳಿಸಿದ ಎರಡನೆಯದಕ್ಕೂ ಇರುವ ಅಂತರವನ್ನು ಬಲ್ಲವರು ಹನ್ನೊಂದು ಗಂಟೆಯ ಮೇಲೆ ಕಾಫಿಯ ಆಸೆಯನ್ನು ಇಟ್ಟುಕೊಳ್ಳುವುದಿಲ್ಲ.

ಹೀಗಾಗಿ ಊರಿನ ಗಿರಾಕಿಗಳಲ್ಲಿ ಎಲ್ಲಿಯೂ ಬರೆದಿಡದ ಒಂದು ಪಂಚಾಂಗವೇ ಬಳಕೆಯಲ್ಲಿರುತ್ತದೆ. ಇಡ್ಲಿಗೆ ಎಂಟು ಗಂಟೆಯೊಳಗೆ ಹೋಗಬೇಕು. ವಡೆಯನ್ನು ಬಾಣಲೆಯಿಂದ ತೆಗೆಯುವ ಸದ್ದು ಕೇಳಿದ ಮೇಲೆಯೇ ಕೇಳಬೇಕು. ಸಂತೆಯ ದಿನ ಸಾಂಬಾರಿನ ಸಹವಾಸ ಕೂಡದು. ಇವನ್ನೆಲ್ಲ ತಿಳಿಯದ ಪರಸ್ಥಳದವನಿಗೆ ಆಸರೆಯಾಗತಕ್ಕವನು ಮಾಣಿಯೊಬ್ಬನೇ. ನಮ್ಮ ಕಡೆಯ ಒಂದು ಹೋಟೆಲಿನಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮಸಾಲೆ ದೋಸೆ ಹೇಳಿದಾಗ ಮಾಣಿ ಬಗ್ಗಿ ಮೇಜನ್ನು ಒರೆಸುವ ನೆಪದಲ್ಲಿ, “ದೋಸೆ ಬೇಡಿ ಮೇಷ್ಟ್ರೇ, ಹಿಟ್ಟು ಹುಳಿ ಬಂದಿಲ್ಲ. ಪೂರಿ ತರ್ತೀನಿ, ಬಿಸಿ ಇದೆ” ಎಂದುದನ್ನು ಪಕ್ಕದ ಮೇಜಿನಿಂದ ಕೇಳಿದ್ದೇನೆ. ಮೇಷ್ಟ್ರು ಪೂರಿಯನ್ನೇ ತಿಂದರು. ಯಜಮಾನರು ಗಲ್ಲಾದಲ್ಲಿ ಕುಳಿತು ಕೇಳಿಯೂ ಕೇಳಿಸದಂತಿದ್ದರು. ಆ ಕಿವುಡುತನ ನನಗೆ ಬಹಳ ಗೌರವಾರ್ಹವಾಗಿ ತೋರಿತು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಲ್ಲ ಲೋಪಗಳೂ ಕ್ಷಮ್ಯವೆಂದು ಭಾವಿಸಬಾರದು. ಹವೆಯಿಂದಲೂ ಧಾನ್ಯದಿಂದಲೂ ಉರಿಯಿಂದಲೂ ಬರುವ ವ್ಯತ್ಯಾಸ ಒಂದು ಜಾತಿಯದು. ಕೈಬಿಗಿತದಿಂದ ಬರುವುದು ಬೇರೆಯೇ ಜಾತಿಯದು. ಮಧ್ಯಾಹ್ನದ ಸಾಂಬಾರಿಗೆ ಸಂಜೆ ಬಿಸಿನೀರು ಬೆರೆಸಿ ಪ್ರಮಾಣವನ್ನು ವೃದ್ಧಿಪಡಿಸುವುದು, ಬೆಳಿಗ್ಗೆ ಅರೆದು ಹಳಸಲು ತೊಡಗಿದ ಕಾಯಿಚಟ್ನಿಗೆ ಹೊಸ ಒಗ್ಗರಣೆ ಕೊಟ್ಟು ತಾರುಣ್ಯ ತರಿಸುವುದು, ಕಪ್ಪಾದ ಎಣ್ಣೆಯಲ್ಲಿಯೇ ನಾಳೆಯ ವಡೆಯನ್ನೂ ಕರಿಯುವುದು, ಇವಕ್ಕೆ ಪುಷ್ಯಮಾಸವನ್ನು ದೂರುವಂತಿಲ್ಲ. ತೆಂಗಿನಕಾಯಿಯ ಬೆಲೆ ಏರಿದ ಕೂಡಲೇ ಚಟ್ನಿಯಲ್ಲಿ ಹುರಿಗಡಲೆಯ ಪಾಲು ಏರುವುದನ್ನು ನಾಲಗೆಯುಳ್ಳವರೆಲ್ಲ ಬಲ್ಲರು. ಬೆಲೆಯನ್ನು ಎರಡು ರೂಪಾಯಿ ಹೆಚ್ಚಿಸಿದರೆ ಗಿರಾಕಿ ಜಗಳವಾಡುತ್ತಾನೆ, ಗುಣವನ್ನು ಎರಡು ಪಾಲು ತಗ್ಗಿಸಿದರೆ ಗೊಣಗಿ ಸುಮ್ಮನಾಗುತ್ತಾನೆ ಎಂಬ ಅನುಭವವೇ ಯಜಮಾನನನ್ನು ಈ ದಾರಿಗೆ ತಳ್ಳುತ್ತದೆಂಬುದನ್ನೂ ಒಪ್ಪಬೇಕು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ತರುವಾಯ, ಸರ್ಕಾರವು ತಿಂಡಿಯ ದರಗಳನ್ನು ಬಲವಂತವಾಗಿ ಇಳಿಸಿದಾಗ, ಮಾವಳ್ಳಿಯ ಸಂಸ್ಥೆಯವರು ಗುಣವನ್ನು ತಗ್ಗಿಸಲೊಲ್ಲದೆ ಸಿದ್ಧ ಹಿಟ್ಟುಗಳ ಮಾರಾಟದ ಕಡೆಗೆ ತಿರುಗಿದರು. ಅಂತಹ ದಾರಿ ತಾಲ್ಲೂಕಿನ ಹೋಟೆಲಿಗೆ ಎಲ್ಲಿಂದ ಬರಬೇಕು?

ಜನಾಭಾವವೂ ಸೇರಿಕೊಂಡಿದೆ. ಯಜಮಾನರ ಮಕ್ಕಳು ಓದಿ ಪಟ್ಟಣ ಸೇರಿದರು. ನುರಿತ ಭಟ್ಟರಿಗೆ ಬೆಂಗಳೂರಿನ ದರ್ಶಿನಿಗಳು ಹೆಚ್ಚಿನ ಸಂಬಳ ಕೊಟ್ಟು ಕರೆದವು. 1980ರ ದಶಕದಲ್ಲಿ ಜಯನಗರದಲ್ಲಿ ಮೊದಲಾದ ಆ ನಿಂತು ತಿನ್ನುವ ಪದ್ಧತಿಯಲ್ಲಿ ವಹಿವಾಟು ವೇಗವಾದುದರಿಂದ ಹಿಟ್ಟಾಗಲಿ ಚಟ್ನಿಯಾಗಲಿ ಹಳತಾಗುವಷ್ಟು ಹೊತ್ತು ಉಳಿಯುವುದೇ ಇಲ್ಲ. ಅಲ್ಲಿನ ತಿಂಡಿ ಎಂದೂ ಕೆಡುವುದಿಲ್ಲವೆಂದೇ ಹೇಳಬಹುದು. ಅಲ್ಲಿ ಕುಳಿತು ಪತ್ರಿಕೆ ಓದುವಂತಿಲ್ಲ ಎಂಬುದೂ ಅಷ್ಟೇ ನಿಜ. ಊರ ಹೋಟೆಲಿನಲ್ಲಿ ಒಂದು ಬೈಟು ಕಾಫಿಯ ಮೇಲೆ ಇಬ್ಬರು ಅಡಕೆಯ ಧಾರಣೆಯಿಂದ ಹಿಡಿದು ಗಂಡಿನ ಜಾತಕದವರೆಗೆ ಒಂದು ಗಂಟೆ ಮಾತಾಡಿದರೂ ಎಬ್ಬಿಸುವವರಿಲ್ಲ. ಆ ಒಂದು ಗಂಟೆಯ ಬಾಡಿಗೆಯನ್ನು ನಾವು ಕೆಲವೊಮ್ಮೆ ತೆಳ್ಳನೆಯ ಸಾಂಬಾರಿನ ರೂಪದಲ್ಲಿ ಸಲ್ಲಿಸುತ್ತಿರಬಹುದು. ನನ್ನ ಮಟ್ಟಿಗೆ ಅದು ದುಬಾರಿಯೆನಿಸಿಲ್ಲ.

ಇಂತಹ ಹೋಟೆಲೊಂದು ತಮ್ಮ ಊರಿನಲ್ಲಿ ಇನ್ನೂ ಉಳಿದಿರುವ ವಾಚಕರು ಬೆಳಗಿನ ಎಂಟರೊಳಗೆ ಅಲ್ಲಿಗೆ ಹೋಗಿ, ಏನು ಚೆನ್ನಾಗಿದೆಯೆಂದು ಮಾಣಿಯನ್ನು ಮೊದಲು ಕೇಳಿ, ಅವನು ಹೇಳಿದ್ದನ್ನೇ ತಿನ್ನತಕ್ಕದ್ದು. ಚಟ್ನಿ ಹಳಸಿದ್ದರೆ ತಟ್ಟೆಯನ್ನು ಸರಿಸಿ ಮೌನವಾಗಿ ಎದ್ದುಬಾರದೆ, ದುಡ್ಡು ಕೊಡುವಾಗ ಯಜಮಾನರಿಗೇ ಮೆಲ್ಲನೆ ಹೇಳತಕ್ಕದ್ದು.